ಕಲಾ ವಿದ್ಯಾರ್ಥಿಗಳ ಆನ್‌ಲೈನ್ ಕಲಿಕೆ: ಅನುಭವವನ್ನು ಅಳೆಯುವ ಬಗೆ

ಮುಂಬಯಿಯ ಸರ್ ಜೆ. ಜೆ. ಕಲಾಶಾಲೆ ಆರಂಭವಾದುದು 1857ರಲ್ಲಿ. ಉಡುಪಿ ಸಮೀಪದ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಇಲ್ಲಿಯೇ ಕಲಿತು, ಕೆಲಕಾಲ ಇಲ್ಲಿಯೇ ಕಲಿಸಿದವರೆಂಬುದು ಇಲ್ಲಿನ ಕನ್ನಡಿಗರಾದ ನಮಗೆಲ್ಲ ಹೆಮ್ಮೆಯ ಸಂಗತಿ. ಚಿತ್ರಕಲೆಯ ತರಗತಿಯೆಂದರೆ ಗುರುಗಳು ವಿದ್ಯಾರ್ಥಿಯ ಬೆನ್ನ ಹಿಂದೆ ನಿಂತು, ಗೆರೆ ತಪ್ಪಿದಲ್ಲಿಯೇ ತಿದ್ದುವ ಕ್ರಮ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ನಿಮಿತ್ತ ನಗರದ ಕಾಲೇಜುಗಳು ಮುಚ್ಚಿದಾಗ ಈ ಕ್ರಮಕ್ಕೆ ತಡೆಯುಂಟಾಯಿತು. ಚಿತ್ರ, ಶಿಲ್ಪ ಕಲಿಯುವವರೂ ಮೊಬೈಲಿನ ಪರದೆಯನ್ನೇ ನೆಚ್ಚಬೇಕಾಯಿತು. ಕಾಲೇಜುಗಳು ಮತ್ತೆ ತೆರೆದುವಾದರೂ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಒಂದು ಸೆಮಿಸ್ಟರಿನ ಪಾಠಪತ್ರಿಕೆಗಳಲ್ಲಿ ಶೇ. 40ರವರೆಗೆ 'ಸ್ವಯಂ' ಜಾಲದ ಮೂಲಕ ಕಲಿಯಲು ಯು.ಜಿ.ಸಿ.ಯ 2021ರ ನಿಯಮಗಳು ಅವಕಾಶ ನೀಡಿವೆ.

ಇಂಥ ಕಲಿಕೆಯ ಅನುಭವವನ್ನು ಅಳೆಯಲು ಸಾಮಾನ್ಯವಾಗಿ ಬಳಸುವ ಸಾಧನ ಪ್ರಶ್ನಾವಳಿ. ಒಪ್ಪಿಗೆಗೆ ಒಂದರಿಂದ ಐದರವರೆಗೆ ಅಂಕ ಕೊಡುವ ಅಳತೆಗೋಲನ್ನು ಅಮೆರಿಕದ ರೆನ್ಸಿಸ್ ಲೈಕರ್ಟ್ 1932ರಲ್ಲಿ ಪರಿಚಯಿಸಿದರು. ಕೆನಡಾದ ಗ್ಯಾರಿಸನ್, ಆಂಡರ್ಸನ್, ಆರ್ಚರ್ ಎಂಬ ಮೂವರು 2000ದಲ್ಲಿ ಮಂಡಿಸಿದ ಸಿದ್ಧಾಂತವನ್ನು ಆಧರಿಸಿ, 2008ರಲ್ಲಿ 34 ಅಂಶಗಳ ಪ್ರಶ್ನಾವಳಿಯೊಂದು ಸಿದ್ಧವಾಯಿತು: ಬೋಧಕರ ಇರವಿಗೆ 13, ಸಹಪಾಠಿಗಳ ಒಡನಾಟಕ್ಕೆ 9, ಚಿಂತನೆಯ ಬೆಳವಣಿಗೆಗೆ 12. ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವುದು ಇದೇ.

ಆದರೆ ಆ ಸಿದ್ಧಾಂತ ಹುಟ್ಟಿದ್ದು ಬರಹದ ಮೂಲಕ ನಡೆಯುವ ಗಣಕ ಚರ್ಚೆಗಳಿಂದ. ಅಲ್ಲಿ ಬಣ್ಣವಿಲ್ಲ, ಜೇಡಿಮಣ್ಣಿಲ್ಲ. ಒಂದೇ ಕೆಂಪು ಎರಡು ಮೊಬೈಲುಗಳಲ್ಲಿ ಎರಡಾಗಿ ಕಾಣುತ್ತದೆ. ಮೂರಡಿಯ ಕ್ಯಾನ್‌ವಾಸೂ ಅಂಗೈಯಗಲದ ಚಿತ್ರವೂ ಪರದೆಯಲ್ಲಿ ಒಂದೇ ಗಾತ್ರ. ಚಾಳಿನ ಒಂಟಿ ಕೋಣೆಯಲ್ಲಿ, ಮನೆಮಂದಿಯ ನಡುವೆ, ಕ್ಯಾನ್‌ವಾಸನ್ನು ಎಲ್ಲಿ ನಿಲ್ಲಿಸಿದಿರಿ ಎಂದು ಆ 34ರಲ್ಲಿ ಒಂದೂ ಕೇಳುವುದಿಲ್ಲ. ಇವನ್ನು ಸೇರಿಸದೆ ಕಲಾ ವಿದ್ಯಾರ್ಥಿಗಳ ಅನುಭವವನ್ನು ಅಳೆಯುವುದು ಅಕ್ಕಿಯನ್ನು ಅಡಿಪಟ್ಟಿಯಿಂದ ಅಳೆದಂತೆಯೇ ಸರಿ.

ಸರಾಸರಿಯ ಬಗೆಗೂ ಎಚ್ಚರಿಕೆ ಬೇಕು. ಅರ್ಧ ಮಂದಿ ಐದು, ಉಳಿದರ್ಧ ಮಂದಿ ಒಂದು ಎಂದರೂ ಸರಾಸರಿ ಮೂರೇ ಬರುತ್ತದೆ. ಅದನ್ನು ನೋಡಿ 'ಎಲ್ಲರಿಗೂ ಸಾಧಾರಣ ತೃಪ್ತಿ' ಎಂದು ವರದಿ ಬರೆದರೆ ಸುಳ್ಳಾಗುತ್ತದೆ. (ಬ್ಯಾಂಕಿನಲ್ಲಿ ಗ್ರಾಹಕರ ಅಭಿಪ್ರಾಯ ಪತ್ರಗಳನ್ನು ವರ್ಷಗಟ್ಟಲೆ ಒಟ್ಟುಗೂಡಿಸಿದ ನಾವು ಬಲ್ಲೆವು: ಖಾತೆ ಮುಚ್ಚಿ ಹೋದವರು ಆ ಪತ್ರ ತುಂಬುವುದಿಲ್ಲ.) ಆನ್‌ಲೈನ್ ಪ್ರಶ್ನಾವಳಿಗೂ ಇದೇ ದೋಷವುಂಟು. ಮೊಬೈಲಿನ ಡೇಟಾ ಮುಗಿದು ತರಗತಿಯನ್ನೇ ಬಿಟ್ಟವರ ಕೈಗೆ ಅದು ತಲುಪುವುದಿಲ್ಲ. ಹಾಜರಿ ಪುಸ್ತಕ ತೆರೆದು, ಅಂಥವರ ಮನೆಗೆ ಫೋನ್ ಮಾಡಿ ಕೇಳಬೇಕು. ವರ್ಷದ ಆರಂಭದಲ್ಲಿ ಹಾಗೂ ಕೊನೆಯಲ್ಲಿ ಅವರು ಬರೆದ ಚಿತ್ರಗಳನ್ನೂ ಆ ಅಂಕಗಳ ಜೊತೆಗಿಟ್ಟು ನೋಡಬೇಕು.