ಟೋಫೆಲ್‌ನ ಆ ವಿಚಿತ್ರ 677

ಮೊನ್ನೆ ಅಟ್ಟ ಗುಡಿಸುವಾಗ ಅಣ್ಣನ 1996ರ ಟೋಫೆಲ್ ಅಂಕಪಟ್ಟಿ ಸಿಕ್ತು. 58, 60, 62; ಒಟ್ಟು 600. ಆಗ ಅಪ್ಪ “ಎಷ್ಟಕ್ಕೆ?” ಅಂದಿದ್ದರು. 677ಕ್ಕೆ ಅಂದರೆ ನಂಬಲೇ ಇಲ್ಲ. ಮಗ ಏನೋ ಮುಚ್ಚಿಡ್ತಿದಾನೆ ಅನ್ನೋ ಗುಮಾನಿ. “ಉಳಿದ 77 ಎಲ್ಲಿ ಹೋಯ್ತೋ?”

ಲೆಕ್ಕ ಹೀಗಿತ್ತು ನೋಡಿ. 1964ರಲ್ಲಿ ಶುರುವಾದ ಈ ಪರೀಕ್ಷೆಯಲ್ಲಿ ಆ ಹೊತ್ತಿಗೆ ಮೂರು ಭಾಗ: ಆಲಿಸೋದು, ವ್ಯಾಕರಣ, ಓದು. ಸರಿ ಉತ್ತರ ಎಣಿಸ್ತಿದ್ರು, ತಪ್ಪಿಗೆ ಕಳೀತಿರಲಿಲ್ಲ. ಆದರೆ ಎಣಿಸಿದ್ದೇ ಅಂಕವಲ್ಲ. ಈ ಸಲದ ಪತ್ರಿಕೆ ಹೋದ ಸಲದ್ದಕ್ಕಿಂತ ಕಷ್ಟ ಇದ್ದರೆ ಬರೆದವನ ತಪ್ಪೇನು? ಅದಕ್ಕೇ ಎಲ್ಲ ಪತ್ರಿಕೆಗಳನ್ನೂ ಒಂದೇ ಅಳತೆಗೋಲಿಗೆ ಹೊಂದಿಸ್ತಿದ್ರು. ಮೊದಲೆರಡು ಭಾಗಕ್ಕೆ ಗರಿಷ್ಠ 68, ಓದಿಗೆ ಯಾಕೋ 67. ಮೂರನ್ನೂ ಕೂಡಿಸಿ, ಹತ್ತರಿಂದ ಗುಣಿಸಿ, ಮೂರರಿಂದ ಭಾಗಿಸಿ. 203 ಹೋಗಿ 676.67 ಆಯ್ತು, ಅದೇ 677! ಈ ಅಳತೆ ಸೊನ್ನೆಯಿಂದ ಶುರುವಾಗೋದೂ ಇಲ್ಲ. ಕಡೆಕಡೆಗೆ ಕನಿಷ್ಠವೇ 310 ಆಗಿತ್ತು. ಅಪ್ಪನ ಕಳೆಯುವ ಲೆಕ್ಕ ಇಲ್ಲಿ ನಡೆಯೋದೇ ಇಲ್ಲ.

1998ರಲ್ಲಿ ಕಂಪ್ಯೂಟರ್ ಬಂತು, ಗರಿಷ್ಠ 300. 2005ರಲ್ಲಿ ಇಂಟರ್ನೆಟ್ ಪರೀಕ್ಷೆ. ವ್ಯಾಕರಣದ ಭಾಗ ಹೋಗಿ ಮಾತು ಸೇರಿತು, ನಾಲ್ಕು ಭಾಗಕ್ಕೆ ತಲಾ 30, ಒಟ್ಟು 120. ಹೋಲಿಕೆಯ ಪಟ್ಟಿ ನೋಡಿದರೆ ಅಣ್ಣನ 600 ಮೊದಲು 250 ಆಯ್ತು, ಆಮೇಲೆ 100. 2026ರ ಜನವರಿಯಿಂದ ಅಳತೆ 1ರಿಂದ 6.

ಅಪ್ಪ ಈಗಿಲ್ಲ. ಅಂಕಪಟ್ಟಿಯ ಹಿಂದೆ ಪೆನ್ಸಿಲ್ಲಿನಲ್ಲಿ ಅವರ ಅಕ್ಷರ: 677 – 600 = 77.