ಸುರಂಜನ್ ದಾಸ್: ಒಬ್ಬ ಪರೀಕ್ಷಕ ವೈಮಾನಿಕರ ಚರಿತ್ರೆ



ಬೆಂಗಳೂರಿನ ಹಳೆಯ ಮದರಾಸು ರಸ್ತೆಯನ್ನೂ ಹಳೆಯ ವಿಮಾನ ನಿಲ್ದಾಣದ ರಸ್ತೆಯನ್ನೂ ಕೂಡಿಸುವ ಹಾದಿಗೆ ಸುರಂಜನ್ ದಾಸ್ ರಸ್ತೆಯೆಂದು ಹೆಸರು. ತಮ್ಮಲ್ಲಿ ಅನೇಕರು ಅಲ್ಲಿ ಸಂಚರಿಸಿರಬಹುದು. ನನ್ನ ಹುಟ್ಟೂರು ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರು. ಅಲ್ಲಿಂದ ಬಂದಿದ್ದ ನನ್ನ ಕಾಕಾ ಅವರು, ವಯೋವೃದ್ಧರಾದ ಬೇಸಾಯಗಾರರು, ಬಸ್ಸಿನಲ್ಲಿ ಕುಳಿತೇ ಆ ಫಲಕವನ್ನೋದಿ, "ತಮ್ಮಾ, ಈ ದಾಸರು ಯಾವ ಪದಾ ಹಾಡ್ಯಾರೋ?" ಎಂದು ಕೇಳಿದರು. ಕನಕದಾಸರ ಕಾಗಿನೆಲೆಯ ಸೀಮೆಯವರಿಗೆ ದಾಸರೆಂದರೆ ಹರಿದಾಸರೇ ಸರಿ. ಇತಿಹಾಸವನ್ನು ಬೋಧಿಸಿ ಜೀವಿಸುವ ನಾನು ಅಂದು ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆನು. ಈ ಭಾಷಣವು ಆ ನಾಚಿಕೆಯಿಂದ ಹುಟ್ಟಿದುದು.

ಸುರಂಜನ್ ದಾಸರು 1920ನೆಯ ಇಸವಿಯಲ್ಲಿ ಜನಿಸಿದ ವಂಗದೇಶೀಯರು. ತಂದೆ ಸುಧಿರಂಜನ್ ದಾಸರು ಶಾಂತಿನಿಕೇತನದ ಆದಿಕಾಲದ ವಿದ್ಯಾರ್ಥಿಗಳು. ಮುಂದೆ 1956ರಿಂದ 1959ರ ವರೆಗೆ ಭಾರತದ ಮುಖ್ಯ ನ್ಯಾಯಾಧೀಶರಾಗಿದ್ದವರು. ಮಗನು ಹಿಡಿದ ದಾರಿ ಬೇರೆ. ವಾಯುಸೇನೆಯನ್ನು ಸೇರಿ, ಪರೀಕ್ಷಕ ವೈಮಾನಿಕರನ್ನು ತಯಾರಿಸುವ ಇಂಗ್ಲೆಂಡಿನ ಶಾಲೆಯಲ್ಲಿ 1949ರಲ್ಲಿ ತರಬೇತಿ ಪಡೆದರು. ಅಂಥ ಶಾಲೆ ಆಗ ನಮ್ಮ ದೇಶದಲ್ಲಿರಲಿಲ್ಲ.

ಅವರ ಕಾರ್ಯಕ್ಷೇತ್ರವಾದ ಬೆಂಗಳೂರಿನ ಕಾರ್ಖಾನೆಗೂ ಹಳೆಯ ಮೈಸೂರು ಸಂಸ್ಥಾನಕ್ಕೂ ಇದ್ದ ನಂಟನ್ನು ಇಲ್ಲಿ ಹೇಳದಿರಲಾರೆ. 1940ನೆಯ ಡಿಸೆಂಬರಿನಲ್ಲಿ ಸೇಠ್ ವಾಲಚಂದ ಹೀರಾಚಂದರು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದಾಗ ಮೈಸೂರು ಸರ್ಕಾರವೂ ಅದರಲ್ಲಿ ಬಂಡವಾಳ ಹೂಡಿತು. ಮಿರ್ಜಾ ಇಸ್ಮಾಯಿಲರು ಆಗಿನ ದಿವಾನರು. ಅದೇ ಸ್ಥಳಕ್ಕೆ 1956ರಲ್ಲಿ ಜರ್ಮನಿಯ ಪ್ರಸಿದ್ಧ ವಿಮಾನಶಿಲ್ಪಿ ಕುರ್ಟ್ ಟ್ಯಾಂಕರು ಬಂದು, ಎಚ್.ಎಫ್.-24 ಎಂಬ ಯುದ್ಧವಿಮಾನದ ರಚನೆಯನ್ನು ಕೈಕೊಂಡರು. ಇದೇ ಮುಂದೆ "ಮಾರುತ"ವೆನಿಸಿತು.

ಪರೀಕ್ಷಕ ವೈಮಾನಿಕನ ಕೆಲಸವೇನೆಂಬುದನ್ನು ಕಾಕಾ ಅವರಿಗೆ ತಿಳಿಸಲು ನಾನು ಬಹಳ ಶ್ರಮಪಟ್ಟೆನು. ಕಾಗದದ ಮೇಲೆ ಲೆಕ್ಕ ಹಾಕಿ ಕಟ್ಟಿದ ಯಂತ್ರವು ಗಾಳಿಯಲ್ಲಿ ಹೇಗೆ ವರ್ತಿಸುವುದೆಂಬುದನ್ನು ಯಾರಾದರೊಬ್ಬರು ಮೊಟ್ಟಮೊದಲು ಏರಿ ನೋಡಬೇಕಷ್ಟೆ. ಏರಿದರೆ ಸಾಲದು, ಕಂಡುದನ್ನು ಅಳೆದು ಬಂದು ಎಂಜಿನಿಯರರಿಗೆ ಹೇಳಬೇಕು. ಇಷ್ಟನ್ನು ಕೇಳಿ ಅವರು, "ಹೊಸಾ ಹೋರಿಗೆ ನೊಗಾ ಹೂಡಿದಂಗ ಅನ್ನು. ಮೊದಲ ಕೊರಡು ಎಳಸ್ತೀವಿ, ಆಮ್ಯಾಲೆ ನೇಗಿಲಾ" ಎಂದರು. ನನ್ನ ಅರ್ಧ ಗಂಟೆಯ ವ್ಯಾಖ್ಯಾನಕ್ಕಿಂತ ಇದೇ ಮೇಲು. ಏಕೆಂದರೆ ಮಾರುತಕ್ಕೂ ಮೊದಲು ಕೊರಡನ್ನೇ ಎಳೆಸಿದ್ದರು! ಅದೇ ಅಳತೆಯ, ಎಂಜಿನ್ನಿಲ್ಲದ ಮರದ ವಿಮಾನವೊಂದನ್ನು ಕಟ್ಟಿ, 1959ರಿಂದ ಡಕೋಟ ವಿಮಾನದ ಹಿಂದೆ ಹಗ್ಗದಿಂದ ಮೇಲಕ್ಕೆಳೆದೊಯ್ದು ಬಿಡುತ್ತಿದ್ದರು. ಅದು ತೇಲುತ್ತ ಇಳಿಯಬೇಕು. 86 ಸಲ ಹೀಗೆ ಹಾರಿತು. ಕಡೆಗೊಮ್ಮೆ ಮುಂದಿನ ಗಾಲಿ ಹೊರಬರದೆ, ಇಳಿಯುವಾಗ ಬಹಳವಾಗಿ ಜಖಂಗೊಂಡಿತು.

ಎಂಜಿನ್ನಿನ ಮಾರುತವು ಮೊದಲು ಹಾರಿದ ದಿನದ ವಿಷಯದಲ್ಲಿ ಗ್ರಂಥಗಳಲ್ಲಿ ಎರಡು ತಾರೀಖುಗಳು ದೊರೆಯುತ್ತವೆ: 1961ನೆಯ ಜೂನ್ 17 ಮತ್ತು ಜೂನ್ 24. ಎರಡೂ ಸುಳ್ಳಲ್ಲ. ದಾಸರು ಅದನ್ನು ನಿಜವಾಗಿ ಮೊದಲು ಹಾರಿಸಿದುದು 17ರಂದು. ಒಂದು ವಾರದ ಮೇಲೆ ರಕ್ಷಣಾ ಸಚಿವ ಕೃಷ್ಣ ಮೆನನ್ನರ ಎದುರಿಗೆ ನಡೆದುದು ಪ್ರದರ್ಶನ. ಎರಡನೆಯ ದಿನ ಸಭಿಕರಿದ್ದರು. ಮೊದಲನೆಯ ದಿನ ಗಂಡಾಂತರವಿತ್ತು. ಸಮಾರಂಭದ ತಾರೀಖು ಕೆಲಸದ ತಾರೀಖನ್ನು ನುಂಗುವುದು ನಮ್ಮ ಶಾಸನಗಳ ಕಾಲದಿಂದಲೂ ಇದ್ದದ್ದೇ. 1964ನೆಯ ಸೆಪ್ಟೆಂಬರ್ 4ರಂದು "ಕಿರಣ್" ಎಂಬ ಶಿಕ್ಷಣ ವಿಮಾನವನ್ನು ಮೊದಲು ಹಾರಿಸಿದವರೂ ದಾಸರೇ.

ಮಾರುತದ ಕೊರತೆಯಿದ್ದುದು ಬಲದಲ್ಲಿ. ಶಬ್ದದ ಎರಡು ಪಟ್ಟು ವೇಗಕ್ಕೆಂದು ರಚಿಸಿದ ಶರೀರಕ್ಕೆ ದೊರೆತುದು ಆರ್ಫಿಯಸ್ 703 ಎಂಬ ಸಾಧಾರಣ ಎಂಜಿನ್ನುಗಳೆರಡು. ನಂಬಿದ್ದ ಹೆಚ್ಚು ಬಲದ ಬ್ರಿಟಿಷ್ ಎಂಜಿನ್ನು ಸಿದ್ಧವಾಗಲೇ ಇಲ್ಲ. ವಿಮಾನವು ಶಬ್ದವೇಗದ ಸುತ್ತಮುತ್ತಲೇ ನಿಂತಿತು. ಆಗ ಎಂಜಿನ್ನಿನ ಹಿಂಬದಿಯಲ್ಲಿ, ಹೊರಬೀಳುವ ಬಿಸಿ ಗಾಳಿಗೆ ಮತ್ತಷ್ಟು ಇಂಧನವನ್ನು ಚೆಲ್ಲಿ ಉರಿಸಿ ನೂಕುಬಲವನ್ನು ಹೆಚ್ಚಿಸುವ ಏರ್ಪಾಡನ್ನು ಬೆಂಗಳೂರಿನಲ್ಲೇ ಮಾಡಿದರು. ಇದಕ್ಕಾಗಿ ಹಿಂಭಾಗದ ಆಕಾರವನ್ನು ಬದಲಿಸಬೇಕಾಯಿತು. ಅದರಿಂದ ಗಾಳಿಯ ತಡೆಯೂ ಹೆಚ್ಚಿತು.

ಈ ಬಗೆಯ ವಿಮಾನವನ್ನೇ ಏರಿ 1970ನೆಯ ಜನವರಿ 10ರಂದು ಗ್ರೂಪ್ ಕ್ಯಾಪ್ಟನ್ ದಾಸರು ಬೆಂಗಳೂರಿನಲ್ಲಿ ನೆಲ ಬಿಟ್ಟರು. ಏರಿದ ಸ್ವಲ್ಪ ಹೊತ್ತಿಗೇ ವಿಮಾನವು ಬಿದ್ದಿತು, ಅವರು ಉಳಿಯಲಿಲ್ಲ. ಇನ್ನೂ ಐವತ್ತು ವರ್ಷ ತುಂಬಿರಲಿಲ್ಲ. ತಂದೆ ಮಗನಿಗಿಂತ ಏಳು ವರ್ಷ ಹೆಚ್ಚು ಬದುಕಿದರು.

ಊರಿಗೆ ಹೋದಾಗ ಇಷ್ಟನ್ನೂ ಕಾಕಾ ಅವರಿಗೆ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, "ಆ ಹೋರಿ ಆಮ್ಯಾಲೆ ಪಳಗಿತೇನೋ, ತಮ್ಮಾ?" ಎಂದರು. ಪಳಗಿತೆಂದೆನು. ಒಟ್ಟು 147 ಮಾರುತಗಳು ತಯಾರಾದುವು. 1971ರ ಯುದ್ಧದಲ್ಲಿ ರಾಜಸ್ಥಾನದ ಮರಳುಗಾಡಿನ ಮೇಲೆ ಕಾದಿದವು. 1990ರ ಹೊತ್ತಿಗೆ ನಿವೃತ್ತಿ ಹೊಂದಿದವು. ದಾಸರು ಕಡೆಯ ದಿನ ಏರಿದ ಬಗೆ ಮಾತ್ರ ಸೇನೆಗೆ ಸೇರಲೇ ಇಲ್ಲ.