‘ಶೇ. 90 ಕೋವಿಡ್ ರೋಗಿಗಳಿಗೆ ಆಸ್ಪತ್ರೆ ಸೇವೆ ತೃಪ್ತಿ ತಂದಿತ್ತು’: ಈ ಲೆಕ್ಕ ನಂಬಬಹುದೇ?

ಕೋವಿಡ್ ಕಾಲದ ಆಸ್ಪತ್ರೆಗಳ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶ ಬರುವುದುಂಟು. ಒಂದು, ‘ಸರ್ಕಾರಿ ಆಸ್ಪತ್ರೆಗೆ ಸೇರಿದವರು ಜೀವಂತ ಬರಲಿಲ್ಲ’. ಇನ್ನೊಂದು, ‘ನೂರಕ್ಕೆ ತೊಂಬತ್ತು ರೋಗಿಗಳಿಗೆ ತೃಪ್ತಿಯಾಗಿತ್ತು’. ಮೊದಲನೆಯದು ಸುಳ್ಳು, ಸೇರಿದವರಲ್ಲಿ ಹೆಚ್ಚಿನವರು ಗುಣವಾಗಿ ಮನೆಗೆ ಮರಳಿದರು. ಎರಡನೆಯದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಯಾರನ್ನು ಕೇಳಿದರು?

ಉದಾಹರಣೆಗೆ, ಒಂದು ಆಸ್ಪತ್ರೆಗೆ 100 ಜನ ಸೇರಿದರು, 20 ಜನ ತೀರಿಕೊಂಡರು ಎಂದುಕೊಳ್ಳಿ. ಮನೆಗೆ ಹೊರಟ 80 ಜನರಲ್ಲಿ 72 ಮಂದಿ ‘ಚೆನ್ನಾಗಿ ನೋಡಿಕೊಂಡರು’ ಎಂದರು. ವರದಿಯಲ್ಲಿ ಇದು ಶೇ. 90. ಸೇರಿದವರ ಲೆಕ್ಕಕ್ಕೆ 72 ಮಾತ್ರ. ತೀರಿಕೊಂಡವರ ಮನೆಯವರನ್ನು ಯಾರೂ ಕೇಳಿಲ್ಲ. 2021ರ ಮೇ 2 ಮತ್ತು 3ರಂದು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಸತ್ತರು. ಇಂಥ ಸಾವುಗಳು ತೃಪ್ತಿ ಸಮೀಕ್ಷೆಯ ಲೆಕ್ಕದೊಳಗೆ ಬರುವುದೇ ಇಲ್ಲ.

ಕೇಳಿದವರು ಯಾರು ಎಂಬುದೂ ಮುಖ್ಯ. ಡಿಸ್ಚಾರ್ಜ್ ಹೊತ್ತಿಗೆ ಆಸ್ಪತ್ರೆಯ ಸಿಬ್ಬಂದಿಯೇ ಫಾರ್ಮ್ ಹಿಡಿದು ನಿಂತರೆ, ಬದುಕಿದೆನಲ್ಲಾ ಎಂಬ ಖುಷಿಯಲ್ಲಿರುವವರು ದೂರು ಹೇಳುವುದು ಕಡಿಮೆ.

ಏನನ್ನು ಕೇಳಿದರು?

ಸಿಂಧನೂರು ತಾಲ್ಲೂಕಿನ ದಢೇಸುಗೂರನ್ನು ತೆಗೆದುಕೊಳ್ಳಿ. ತುಂಗಭದ್ರೆಯ ದಂಡೆಯ ಊರು. ಕಾಯಿಲೆ ಜಾಸ್ತಿಯಾದರೆ ಸಿಂಧನೂರಿನ ತಾಲ್ಲೂಕು ಆಸ್ಪತ್ರೆ. ಅಲ್ಲಿ ಆಗದಿದ್ದರೆ ಸಿಂಧನೂರಿನಿಂದ 80 ಕಿ.ಮೀ.ಗೂ ದೂರದ ರಾಯಚೂರು, ಇಲ್ಲವೇ ಹೊಳೆ ದಾಟಿ ಸಿರುಗುಪ್ಪದ ಮೇಲೆ ಬಳ್ಳಾರಿ. ಬೇರೆ ದಿನಗಳಲ್ಲಾದರೆ ರೋಗಿಯ ಜೊತೆ ಮನೆಯವರೊಬ್ಬರು ಇರುತ್ತಾರೆ. ಬುತ್ತಿ ತರುವುದು, ಔಷಧಿ ಚೀಟಿ ಹಿಡಿದು ಓಡಾಡುವುದು, ಡ್ರಿಪ್ ಮುಗಿದರೆ ನರ್ಸನ್ನು ಕರೆಯುವುದು ಅವರೇ. (ನಮ್ಮ ಆಸ್ಪತ್ರೆಗಳು ಅರ್ಧ ನಡೆಯುವುದೇ ಇವರಿಂದ.) ಕೋವಿಡ್ ವಾರ್ಡಿನೊಳಗೆ ಅವರನ್ನು ಬಿಡುತ್ತಿರಲಿಲ್ಲ. ಪಿಪಿಇ ಕಿಟ್ ತೊಟ್ಟವರ ಮುಖವೂ ಕಾಣುತ್ತಿರಲಿಲ್ಲ. ಆಮ್ಲಜನಕ ಎಷ್ಟು ಕೊಡಬೇಕಿತ್ತು ಎಂಬುದು ರೋಗಿಗೆ ಗೊತ್ತಾಗದು. ನೀರು ಸಿಕ್ಕಿತೇ, ಶೌಚಾಲಯ ಶುಚಿಯಿತ್ತೇ, ಮನೆಗೆ ಯಾರಾದರೂ ಫೋನ್ ಮಾಡಿ ‘ಆರಾಮ ಅದಾರ’ ಎಂದರೇ, ಇದು ಚೆನ್ನಾಗಿ ಗೊತ್ತು. ‘ಒಟ್ಟಾರೆ ಸೇವೆ ಹೇಗಿತ್ತು’ ಎಂಬ ಒಂದೇ ಪ್ರಶ್ನೆಯಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ.

ಮನೆಯವರನ್ನು ದೂರವಿಟ್ಟ ಕಡೆ ಭಯ ಹುಟ್ಟುವುದು ಸಹಜ, ಮತ್ತು ಆ ಭಯವೆಲ್ಲ ವದಂತಿಯಲ್ಲ. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ಶವಗಳನ್ನು ಗುಂಡಿಗೆ ಎಸೆಯುವ ವಿಡಿಯೊ ಹರಡಿತು. ಜಿಲ್ಲಾಡಳಿತ ವಿಚಾರಿಸಿ, ನಿಜವೆಂದು ಒಪ್ಪಿ ಕ್ಷಮೆ ಕೇಳಿತು.

ಖಾಸಗಿ–ಸರ್ಕಾರಿ ಹೋಲಿಕೆ

ಇಲ್ಲೂ ಎಚ್ಚರ ಬೇಕು. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ದರ ಗೊತ್ತುಮಾಡಿತು. ಸ್ವಂತ ಹಣ ಕಟ್ಟುವವರಿಗೆ ದಿನಕ್ಕೆ ಸಾಮಾನ್ಯ ವಾರ್ಡ್ ಗರಿಷ್ಠ 10,000 ರೂ., ವೆಂಟಿಲೇಟರ್ ಇರುವ ಐಸಿಯು 25,000 ರೂ. ಅಷ್ಟು ಕೊಟ್ಟವರ ನಿರೀಕ್ಷೆಯೂ ದೊಡ್ಡದು. ಏನೂ ಸಿಗಲಿಕ್ಕಿಲ್ಲ ಎಂದುಕೊಂಡು ಸರ್ಕಾರಿ ವಾರ್ಡಿಗೆ ಹೋದವರಿಗೆ ಹಾಸಿಗೆ, ಊಟ, ಮಾತ್ರೆ ಸಿಕ್ಕರೂ ಸಮಾಧಾನ. ಇಬ್ಬರೂ ‘ಪರವಾಗಿಲ್ಲ’ ಎಂದರೆ ಸೇವೆ ಒಂದೇ ಮಟ್ಟದ್ದು ಎಂದಾಗುವುದಿಲ್ಲ.

ಆಸ್ಪತ್ರೆಯಿಂದ ಹೊರಬಂದ ಮೇಲೆ ಎಸ್‌ಎಂಎಸ್, ಕರೆ ಅಥವಾ ಆ್ಯಪ್ ಮೂಲಕ ಅಭಿಪ್ರಾಯ ಪಡೆಯುವ ಕೇಂದ್ರ ಸರ್ಕಾರದ ‘ಮೇರಾ ಅಸ್ಪತಾಲ್’ ವ್ಯವಸ್ಥೆ 2016ರಲ್ಲೇ ಶುರುವಾಗಿದೆ. ಹಾಸಿಗೆಯ ಪಕ್ಕ ನಿಂತು ಕೇಳುವುದಕ್ಕಿಂತ ಇದು ಮೇಲು. ಆದರೆ ಚೀಟಿ ಮಾಡಿಸುವಾಗ ಕೊಟ್ಟ ಮೊಬೈಲ್ ನಂಬರ್ ನಿಮ್ಮದೇ ಆಗಿರಬೇಕು. ಪಕ್ಕದ ಮನೆಯವರದ್ದು ಬರೆಸಿದ್ದರೆ ಆ ಪ್ರಶ್ನೆ ಅವರಿಗೆ ಹೋಗುತ್ತದೆ.